ಕನ್ನಡ ಮಾಧ್ಯಮದ ಐಟಿಐ ವಿದ್ಯಾರ್ಥಿ ಮಷಿನ್ ಮ್ಯಾನುವಲ್ ಓದುವಷ್ಟು ಇಂಗ್ಲಿಷ್ ಕಲಿಯುವುದು ಹೇಗೆ?

ಎಲೆಕ್ಟ್ರಿಷಿಯನ್ ಟ್ರೇಡ್ ಎರಡನೇ ವರ್ಷ, ಅಪ್ರೆಂಟಿಸ್‌ಗೆ ಹೋಗುವ ಮೊದಲು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲೇ ಎಂದು ಕೇಳಿದ್ದೀರಿ. ಇಂಟರ್‌ವ್ಯೂಗಾದರೆ ಸೇರಿ. ಮ್ಯಾನುವಲ್ ಓದಲಿಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ವರ್ಕ್‌ಶಾಪಿನ ತ್ರೀ ಫೇಸ್ ಮೋಟಾರಿನ ನೇಮ್‌ಪ್ಲೇಟಿನಿಂದ, ಅಂದರೆ ಅದರ ಮೈಮೇಲಿನ ವಿವರದ ಫಲಕದಿಂದ ಶುರು ಮಾಡಿ. 5 ಎಚ್‌ಪಿ, 3.7 ಕಿಲೋವ್ಯಾಟ್, 415 ವೋಲ್ಟ್, 1440 ಆರ್‌ಪಿಎಂ: ಇಷ್ಟು ನಿಮಗೆ ಆಗಲೇ ಗೊತ್ತು. ಗೊತ್ತಿಲ್ಲದ್ದನ್ನು ಮಾತ್ರ ಬರೆದುಕೊಳ್ಳಿ. ಡ್ಯೂಟಿ ಎಸ್1 ಅಂದರೆ ಬಿಡುವಿಲ್ಲದೆ ಓಡಿಸಬಹುದು. ಇನ್ಸುಲೇಶನ್ ಕ್ಲಾಸ್ ಎಫ್ ಅಂದರೆ ಒಳಗಿನ ಇನ್ಸುಲೇಶನ್ 155 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿ ತಡೆಯುತ್ತದೆ. ಸ್ಟಾರ್, ಡೆಲ್ಟಾ ಎಂದರೆ ಮೋಟಾರಿನ ವೈಂಡಿಂಗ್‌ಗಳನ್ನು ಜೋಡಿಸುವ ಎರಡು ರೀತಿ; ಕನೆಕ್ಷನ್ ಡೆಲ್ಟಾ ಎಂದಿರುವುದನ್ನು ನೋಡದೆ ಸ್ಟಾರ್‌ನಲ್ಲೇ ಓಡಿಸಿದರೆ ಟಾರ್ಕ್ (ತಿರುಗಿಸುವ ಬಲ) ಮೂರನೇ ಒಂದು ಭಾಗಕ್ಕೆ ಇಳಿದು, ಪೂರ್ತಿ ಲೋಡ್ ಎಳೆಯಲಾರದೆ ಮೋಟಾರು ಬಿಸಿಯಾಗುತ್ತದೆ.

ಆಮೇಲೆ ಮ್ಯಾನುವಲ್. ಮೊದಲ ಪುಟದಿಂದ ಹಿಡಿಯಬೇಡಿ, ಅಲ್ಲಿ ಬಹಳ ಸಲ ಕಂಪನಿಯ ಬಡಾಯಿಯೇ ಇರುತ್ತದೆ. ಸಾಮಾನ್ಯವಾಗಿ ಕೊನೆಯ ಕಡೆ ಟ್ರಬಲ್‌ಶೂಟಿಂಗ್ ಪಟ್ಟಿ ಸಿಗುತ್ತದೆ: ತೊಂದರೆ, ಕಾರಣ, ಪರಿಹಾರ. ತೊಂದರೆಯ ಕಾಲಂ ಮಾತ್ರ ಓದಿ, ಉಳಿದೆರಡನ್ನು ಹಾಳೆಯಿಂದ ಮುಚ್ಚಿ, ಕಾರಣ ಏನಿರಬಹುದೆಂದು ಯೋಚಿಸಿ, ಆಮೇಲೆ ತೆಗೆದು ನೋಡಿ. ಕೆಲಸ ಗೊತ್ತಿದ್ದವರಿಗೆ ಎಷ್ಟೋ ಪದಗಳ ಅರ್ಥ ತಾನಾಗಿ ಹೊಳೆಯುತ್ತದೆ.

ಹುಡುಗರು ಎಡವುವುದು ಟೆಕ್ನಿಕಲ್ ಪದಗಳಲ್ಲಿ ಅಲ್ಲ, ಬಿಫೋರ್, ಆಫ್ಟರ್, ಅಂಟಿಲ್, ಅನ್‌ಲೆಸ್‌ಗಳಲ್ಲಿ. ‘ಓಪನ್ ದ ಕವರ್ ಓನ್ಲಿ ಆಫ್ಟರ್ ಐಸೊಲೇಟಿಂಗ್ ದ ಸಪ್ಲೈ’ ಎಂಬಲ್ಲಿ ಮೊದಲು ಕಣ್ಣಿಗೆ ಬೀಳುವುದು ಕವರ್. ಮೊದಲು ಮಾಡಬೇಕಾದ್ದು ಸಪ್ಲೈ ಕಡಿಯುವುದು. ಇಂಥ ವಾಕ್ಯವನ್ನು ಅನುವಾದ ಮಾಡುತ್ತ ಕೂರಬೇಡಿ, ಪ್ರತಿ ಕೆಲಸದ ಮೇಲೆ ಪೆನ್ಸಿಲಿನಲ್ಲಿ 1, 2 ಎಂದು ಅಂಕಿ ಹಾಕಿ. ‘ಡು ನಾಟ್ ಎನರ್ಜೈಸ್ ಅಂಟಿಲ್ ದ ಗಾರ್ಡ್ ಈಸ್ ಫಿಟೆಡ್’: ಗಾರ್ಡ್ (ರಕ್ಷಣೆಯ ಕವಚ) ಹಾಕುವುದು 1, ಕರೆಂಟ್ ಕೊಡುವುದು 2. ಸಂಖ್ಯೆಯ ಜೊತೆ ‘ಅಟ್ ಲೀಸ್ಟ್’ ಬಂದರೆ ಕೆಳಮಿತಿ, ‘ನಾಟ್ ಎಕ್ಸೀಡಿಂಗ್’ ಬಂದರೆ ಮೇಲ್ಮಿತಿ ಎಂದು ಪಕ್ಕದಲ್ಲೇ ಗುರುತು ಮಾಡಿ. ಬೋಲ್ಟ್ ಬಿಗಿಯುವ ಅಳತೆಯಲ್ಲಿ ಇವೆರಡು ಅದಲುಬದಲಾದರೆ ಬೋಲ್ಟ್ ತುಂಡಾಗುತ್ತದೆ, ಇಲ್ಲವೇ ಸಡಿಲವಾಗಿಯೇ ಉಳಿಯುತ್ತದೆ.

ಎಚ್ಚರಿಕೆಯ ಲೇಬಲ್‌ಗಳಿಗೂ ದರ್ಜೆಯಿದೆ. ಡೇಂಜರ್ ಅಂದರೆ ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಗಂಭೀರ ಗಾಯ ಖಂಡಿತ. ವಾರ್ನಿಂಗ್ ಅಂದರೆ ಹಾಗೆ ಆಗಬಹುದು. ಕಾಷನ್ ಅಂದರೆ ಅದಕ್ಕಿಂತ ಕಡಿಮೆ ಗಾಯ. ನೋಟೀಸ್ ಅಂದರೆ ವಸ್ತುವಿಗೆ ಹಾನಿ.

ದಿನಕ್ಕೆ ಒಂದು ಪುಟ ಸಾಕು. ಓದಿದ ಮೇಲೆ ಪುಸ್ತಕ ಮುಚ್ಚಿ, ಸಪ್ಲೈ ಇಲ್ಲದ ಮಷಿನ್ ಮುಂದೆ ನಿಂತು ಆ ಕ್ರಮವನ್ನು ಇನ್‌ಸ್ಟ್ರಕ್ಟರ್‌ಗೆ ಕನ್ನಡದಲ್ಲೇ ಹೇಳಿ ತೋರಿಸಿ. ಎಲ್ಲಿ ತಡವರಿಸುತ್ತೀರೋ ಆ ಸಾಲನ್ನಷ್ಟೇ ಮತ್ತೆ ಓದಿ.