ಕೋಟೆಯಿಲ್ಲದ ಊರಿನ ಚರಿತ್ರೆ

ಮಾನ್ಯ ಮೇಷ್ಟ್ರೇ,

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಇಡಿಯಾಗಿ ಅಚ್ಚು ಹಾಕಲು ಜಾಗವಿಲ್ಲ, ಆದ್ದರಿಂದ ಓದುಗರಿಗಾಗಿ ಅದರ ಸಾರವನ್ನು ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆ ಭಾನುವಾರಗಳಲ್ಲಿ ನಡೆಸುವ ಚರಿತ್ರೆಯ ನಡಿಗೆ, ಊರ ಕಟ್ಟೆಯ ಮಾತುಕತೆ ಇವೆಲ್ಲ ಕಾಲಹರಣ ಎನ್ನುತ್ತೀರಿ. ಚರಿತ್ರೆ ವಿದ್ವಾಂಸರ ಕೆಲಸ, ಉಪ್ಪಿಟ್ಟಿಗೆ ಬಂದು ಕೂತವರ ಮುಂದೆ ಹರವುವ ಸಾಮಾನಲ್ಲ. ಶಾಸನದ ಆಧಾರವಿಲ್ಲದ ಓಬವ್ವನ ಕಥೆಯನ್ನು ನಾವು ಮಕ್ಕಳಿಗೆ ಚರಿತ್ರೆಯೆಂದು ಉಣಬಡಿಸುತ್ತಿದ್ದೇವೆ. ಕೊನೆಯದಾಗಿ, ನಮ್ಮ ಚಿತ್ರದುರ್ಗಕ್ಕಾದರೂ ಕೋಟೆಯಿದೆ, ದಾವಣಗೆರೆಗೆ ಮುಚ್ಚಿದ ಗಿರಣಿ ಮತ್ತು ಬೆಣ್ಣೆದೋಸೆ ಬಿಟ್ಟರೆ ಏನಿದೆ ಎಂದು ಕೇಳುತ್ತೀರಿ.

ಉಪ್ಪಿಟ್ಟಿನ ಮಾತನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ಒಂದು ಸಭೆಯಲ್ಲಿ ನಾವು ಕರೆಸಿದ ಭಾಷಣಕಾರರು ಎರಡು ಗಂಟೆ ಹತ್ತು ನಿಮಿಷ ಮಾತನಾಡಿದರು. ಮೊದಲ ಅರ್ಧ ಗಂಟೆ ಹಿಂದಿನ ಭಾಷಣಗಳಲ್ಲಿ ತಮಗಾದ ಸನ್ಮಾನಗಳಿಗೇ ಹೋಯಿತು. ಊರಿನ ಹಿರಿಯರೊಬ್ಬರು ಕೆರೆ ತೂಬಿನ ಬಗ್ಗೆ ಏನೋ ಹೇಳಲು ಎರಡು ಸಲ ಎದ್ದು ನಿಂತರು, ಎರಡು ಸಲವೂ ನಾವೇ ಕೂರಿಸಿದೆವು. ಮೂರನೆಯ ಸಲ ಅವರು ಎದ್ದದ್ದು ಮನೆಗೆ ಹೋಗಲು. ಅವರು ಏನು ಹೇಳಲಿದ್ದರೆಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ. ಅಂಥ ಸಭೆಯನ್ನು ನೀವು ಬೈದರೆ ನಾನೂ ನಿಮ್ಮ ಜೊತೆ ಸೇರುತ್ತೇನೆ.

ಆದರೆ ವಿದ್ವಾಂಸರ ಕೆಲಸವನ್ನು ವಿದ್ವಾಂಸರಿಗೇ ಬಿಡಿ ಎಂಬ ಮಾತಿಗೆ ನಾನು ಉತ್ತರ ಕೊಡುವುದಕ್ಕಿಂತ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳು ಕೊಡುವುದು ಮೇಲು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಮೂರು ಕಡೆಯೂ ಅಶೋಕನ ಶಾಸನಗಳಿವೆ. ಶಾಸನತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಪತ್ರ ಅದು. ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ, ನಿಮ್ಮ ಪತ್ರದಂತೆಯೇ. ಸ್ವರ್ಗ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಶ್ರಮಿಸಿದರೆ ಚಿಕ್ಕವನಿಗೂ ದಕ್ಕುತ್ತದೆ, ಅದಕ್ಕಾಗಿಯೇ ಇದನ್ನು ಸಾರಲಾಗಿದೆ ಎಂದು ಅದರಲ್ಲಿದೆ. ಇದೇ ಶಾಸನದ ಆಂಧ್ರದ ಎರ್ರಗುಡಿಯ ಪಾಠದಲ್ಲಿ ಭೇರಿ ಬಾರಿಸಿ ಜನಪದಕ್ಕೆ ತಿಳಿಸಬೇಕೆಂಬ ಅಪ್ಪಣೆಯೇ ಇದೆ. ಅಂದರೆ ಡಂಗುರ! ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಕಲ್ಲಿನ ಮೇಲೆ ಬರೆದದ್ದು ಕೂಡಿದ ಜನರ ಎದುರು ಗಟ್ಟಿಯಾಗಿ ಓದಿಸಲಿಕ್ಕೇ ಅಲ್ಲವೇ? ನಾಡಿನ ಅತಿ ಹಳೆಯ ಬರಹಗಳಲ್ಲಿ ಒಂದು ಹೀಗೆ ಸಭೆಗೆಂದೇ ಹುಟ್ಟಿದೆ.

ನಾವು ಅಲ್ಲಿಗೆ ಹೋದಾಗ ಮಾಡುವುದೂ ಅಷ್ಟೇ. ಒಬ್ಬರು ಪ್ರಾಕೃತದ ಸಾಲನ್ನು ಓದುತ್ತಾರೆ, ಇನ್ನೊಬ್ಬರು ಕನ್ನಡದಲ್ಲಿ ಹೇಳುತ್ತಾರೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು. ಈ ಕೊನೆಯ ಸಾಲಿಗೆ ಹೈಸ್ಕೂಲು ಮಕ್ಕಳು ತಮ್ಮ ಮೇಷ್ಟರ ಮುಖ ನೋಡಿ ಕಿಸಕ್ಕನೆ ನಗುತ್ತಾರೆ. ಕೆಳಗೆ ಬರೆದವನ ಹೆಸರು ಚಪಡ. ತಾನು ಲಿಪಿಕಾರನೆಂಬುದನ್ನು ಅವನು ಇಲ್ಲಿನ ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಅಷ್ಟು ದೂರದ ಲಿಪಿಯನ್ನು ಬಲ್ಲವನೊಬ್ಬ ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು ಉಳಿ ಹಿಡಿದಿದ್ದ ಎಂದಾಗ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ. ಇದನ್ನು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಮುಚ್ಚಿಟ್ಟು ಯಾರಿಗೆ ಲಾಭ?

ಓಬವ್ವನ ವಿಷಯದಲ್ಲಿ ನಿಮ್ಮ ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ಹಾರಿಕೆಯ ಉತ್ತರ ಕೊಡುವುದಿಲ್ಲ. 1779ರಲ್ಲಿ ದುರ್ಗ ಹೈದರಾಲಿಯ ವಶವಾದದ್ದು, ಮದಕರಿ ನಾಯಕರ ಆಳ್ವಿಕೆ ಮುಗಿದದ್ದು ದಾಖಲೆಗಳಿಂದ ತಿಳಿಯುವ ಚರಿತ್ರೆ. ಕಹಳೆಯವನ ಹೆಂಡತಿ ಕಿಂಡಿಯಲ್ಲಿ ನುಸುಳಿದವರನ್ನು ಒನಕೆಯಿಂದ ಬಡಿದು ಕೆಡವಿದ್ದು ಜನರ ಬಾಯಲ್ಲಿ ಉಳಿದ ಚರಿತ್ರೆ. ನಡಿಗೆಯಲ್ಲಿ ನಾವು ಈ ಎರಡನ್ನೂ ಬೇರೆ ಬೇರೆ ಮಾಡಿಯೇ ಹೇಳುತ್ತೇವೆ. ಹೇಳಿದರೆ ಜನ ಸಿಟ್ಟಾಗುತ್ತಾರೆಂದು ಮೊದಮೊದಲು ಹೆದರಿದ್ದೆವು, ಯಾರೂ ಸಿಟ್ಟಾಗಲಿಲ್ಲ. ಆದದ್ದು ಬೇರೆ. ಒಮ್ಮೆ ಕಿಂಡಿಯ ಹತ್ತಿರ ನಿಂತಾಗ ಹುಡುಗಿಯೊಬ್ಬಳು, ಇಷ್ಟು ಸಂದಿನಲ್ಲಿ ಒನಕೆ ಬೀಸಲು ಜಾಗವೆಲ್ಲಿದೆ ಎಂದು ಕೇಳಿದಳು. ನಮ್ಮ ಸಂಪನ್ಮೂಲ ವ್ಯಕ್ತಿಗಳು (ಈ ಪದ ನನಗೂ ಇಷ್ಟವಿಲ್ಲ) ಮುಖ ಮುಖ ನೋಡಿಕೊಂಡರು. ಉತ್ತರ ಕೊಟ್ಟವರು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಒಬ್ಬ ಅಜ್ಜಿ. ಒನಕೆಯನ್ನು ಯಾರೂ ಬೀಸುವುದಿಲ್ಲ ಮಗಳೇ, ಎತ್ತಿ ಬಿಡುತ್ತಾರೆ. ತುದಿಗೆ ಕಬ್ಬಿಣದ ಬಳೆ ಇರುತ್ತದೆ, ಭಾರ ತಾನೇ ಕೆಲಸ ಮಾಡುತ್ತದೆ. ತೆವಳಿ ಬರುವವನಿಗೆ ತಲೆಯೇ ಮುಂದು ಎಂದರು. ಭತ್ತ ಕುಟ್ಟಿ ಬೆಳೆದ ಕೈ ಹೇಳಿದ ಮಾತು ಅದು. ಓಬವ್ವ ಇದ್ದಳೆಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ಕುಟ್ಟುವ ಹೆಂಗಸರು ಈ ಕಥೆಯನ್ನು ಏಕೆ ಕೈಬಿಡಲಿಲ್ಲ ಎಂಬುದು ನನಗೆ ಆ ದಿನ ಅರ್ಥವಾಯಿತು. ಶಾಸನ ಹುಡುಕುವವರಿಗೆ ಈ ಪ್ರಶ್ನೆಯೇ ಹೊಳೆಯುವುದಿಲ್ಲ, ಮೇಷ್ಟ್ರೇ.

ಇನ್ನೊಂದು ಉದಾಹರಣೆ ನಿಮ್ಮದೇ ಜಿಲ್ಲೆಯದು. ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆಗೆ ಫಲಕದಲ್ಲಿ ಶಾಂತಿಸಾಗರ ಎಂಬ ಹೆಸರು, ಜನರ ಬಾಯಲ್ಲಿ ಸೂಳೆಕೆರೆ. ಸಭ್ಯರಿಗೆ ಎರಡನೆಯದು ಮುಜುಗರ. ಆದರೆ ಸ್ಥಳದ ಐತಿಹ್ಯ ಏನು ಹೇಳುತ್ತದೆ? ಶಾಂತವ್ವ ಎಂಬ ಹೆಣ್ಣುಮಗಳು ಕೆರೆ ಕಟ್ಟಿಸಲು ಹೊರಟಾಗ ಆ ನೆಲದಲ್ಲಿ ವೇಶ್ಯೆಯರ ಕೇರಿ ಇತ್ತು. ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ಜಾಗ ಬಿಡುತ್ತೇವೆಂದು ಅವರು ಷರತ್ತು ಹಾಕಿದರು. ಮನೆಮಠ ಬಿಟ್ಟು ಎದ್ದವರು ಕೇಳಿದ್ದು ಅದೊಂದನ್ನೇ. ಐತಿಹ್ಯವೇ ಇರಲಿ, ಆ ಷರತ್ತನ್ನು ಸದ್ದಿಲ್ಲದೆ ಮುರಿದವರು ನಾವು. ಕೆರೆ ಏರಿಯ ಮೇಲೆ ಈ ಮಾತು ಬಂದ ದಿನ ನಡೆದ ವಾಗ್ವಾದ ಯಾವ ವಿಚಾರ ಸಂಕಿರಣಕ್ಕೂ ಕಡಿಮೆಯಿರಲಿಲ್ಲ. ಇಬ್ಬರು ಜಗಳವಾಡಿಕೊಂಡು ಬೇರೆ ಬೇರೆ ಬಸ್ಸಿನಲ್ಲಿ ಊರಿಗೆ ಹೋದರು.

ಚಳ್ಳಕೆರೆ, ಹಿರಿಯೂರು ಸೀಮೆಯ ಗೊಲ್ಲರಹಟ್ಟಿಗಳ ಬಗ್ಗೆ ಮಾತ್ರ ನನಗೆ ನಾಚಿಕೆಯಿದೆ. ಗೊಲ್ಲರ ದೈವ ಜುಂಜಪ್ಪನ ಹಾಡು, ಗಣೆಯೆಂಬ ಬಿದಿರು ಕೊಳಲಿನ ನಾದ ಕೇಳಲು ಹೋದವರು ಧ್ವನಿಮುದ್ರಿಸಿಕೊಂಡು ಬಂದರು, ಹಾಡಿದವರಿಗೆ ತಮ್ಮ ಹಾಡಿನ ಒಂದು ಪ್ರತಿಯೂ ಸಿಗಲಿಲ್ಲ. ಆ ಸಾಲಿನಲ್ಲಿ ನಮ್ಮ ಪತ್ರಿಕೆಯೂ ಇತ್ತು. ಈಗ ಹಾಗಲ್ಲ. ಹಾಡಿದವರ ಒಪ್ಪಿಗೆ, ಹೆಸರು, ಊರು, ದಿನಾಂಕ ಬರೆದುಕೊಳ್ಳದೆ ಧ್ವನಿಮುದ್ರಿಸುವುದಿಲ್ಲ. ಒಂದು ಪ್ರತಿ ಅವರ ಮನೆಯ ಮೊಬೈಲಿಗೆ, ಇನ್ನೊಂದು ಊರಿನ ಶಾಲೆಗೆ. ಇಷ್ಟನ್ನು ಕಲಿಯಲು ನಮಗೆ ತಡವಾಯಿತು.

ದಾವಣಗೆರೆಗೆ ಏನಿದೆ ಎಂದಿರಿ. ಹರಿಹರ ನಿಮ್ಮ ಮಗ್ಗುಲಲ್ಲೇ ಇದೆ, ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಿದೆ ಎಂದು ಸುಲಭವಾಗಿ ತಪ್ಪಿಸಿಕೊಳ್ಳಬಹುದು. 1997ರವರೆಗೆ ನಾವಿಬ್ಬರೂ ಒಂದೇ ಜಿಲ್ಲೆಯವರು, ಕೋಟೆ ನಿಮ್ಮದೂ ಹೌದು ಎಂದೂ ಹೇಳಬಹುದು. ಅದು ಬೇಡ. ಗಿರಣಿಯನ್ನೇ ನೋಡೋಣ. ಸುತ್ತಲಿನ ಎರೆಹೊಲದ ಹತ್ತಿಯಿಂದ ಗಿರಣಿಗಳಾದವು, ಊರಿಗೆ ಮ್ಯಾಂಚೆಸ್ಟರ್ ಎಂಬ ಬಿರುದು ಬಂತು. ಭದ್ರಾ ನಾಲೆಯ ನೀರು ಹರಿದ ಹೊಲ ಗದ್ದೆಯಾಯಿತು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸುವ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಕೇರಿಗೆ ಕೇರಿಯೇ ಬದುಕುತ್ತಿದೆ. ದುರ್ಗದ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದಾಗ ರೋಮಿನ ಟಿಬೇರಿಯಸ್ ದೊರೆಯ ಬೆಳ್ಳಿ ನಾಣ್ಯ ಸಿಕ್ಕಿತೆಂದು ನಾವು ಹಿಗ್ಗುತ್ತೇವೆ. ಅದು ಯಾರ ಕಿಸೆಯಿಂದ ಬಿತ್ತೋ ಯಾರಿಗೂ ತಿಳಿಯದು.

ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ತಂದೆಯವರು ನೂಲಿನ ವಿಭಾಗದಲ್ಲಿ ಮೂರನೆಯ ಪಾಳಿ ಮಾಡುತ್ತಿದ್ದರೆಂದೂ, ಅವರ ಹಾಜರಿಯ ಹಿತ್ತಾಳೆ ಬಿಲ್ಲೆ ಇನ್ನೂ ದೇವರ ಮನೆಯ ಗೂಡಿನಲ್ಲಿದೆಯೆಂದೂ ಬರೆದಿದ್ದೀರಿ. ನಂತರ ಆ ಸಾಲಿಗೆ ಗೀಟು ಹಾಕಿದ್ದೀರಿ, ಆದರೂ ಓದಲು ಬರುತ್ತದೆ. ಮುಂದಿನ ತಿಂಗಳ ಎರಡನೆಯ ಭಾನುವಾರ ನಮ್ಮ ನಡಿಗೆ ದಾವಣಗೆರೆಯಲ್ಲೇ, ಹಳೆಯ ಗಿರಣಿಯ ಗೋಡೆಯಿಂದ ಭಟ್ಟಿಯ ಕೇರಿಯವರೆಗೆ. ಭಾಷಣಕಾರರನ್ನು ಕರೆದಿಲ್ಲ. ಬೆಳಗ್ಗೆ ಏಳಕ್ಕೆ ಸೇರುತ್ತೇವೆ, ಪಾಳಿ ಬದಲಾಗುವಾಗ ಕಾರ್ಮಿಕರು ಯಾವ ಗೇಟಿನಿಂದ ಹೊರಗೆ ಬರುತ್ತಿದ್ದರೆಂದು ತೋರಿಸಬಲ್ಲವರೊಬ್ಬರು ಬೇಕಾಗಿದ್ದಾರೆ. ಬರುವಾಗ ಆ ಬಿಲ್ಲೆಯನ್ನು ತನ್ನಿ. ಬರಲಾಗದಿದ್ದರೆ ಅದರ ಮೇಲಿನ ನಂಬರನ್ನಾದರೂ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.

ಇತಿ ತಮ್ಮ ವಿಶ್ವಾಸಿ,
ಸಂಪಾದಕ