ಪ್ರವಾಸ ಪ್ರಶ್ನೋತ್ತರ: ಕೆರಿಬಿಯನ್‌ನ ಪುಟ್ಟ ದ್ವೀಪಗಳಿಗೆ ಹೊರಟವರಿಗೆ

ಈ ಸಲ ಬಂದ ಪತ್ರಗಳಲ್ಲಿ ಕೆರಿಬಿಯನ್ ದ್ವೀಪಗಳ ಬಗ್ಗೆ ಕೇಳಿದವರೇ ಜಾಸ್ತಿ. ನಾನು ಗ್ರೆನಡಾದ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಪಾಠ ಹೇಳುತ್ತಾ ಕೆಲವು ವರ್ಷ ಅಲ್ಲೇ ಇದ್ದೆ. ರಜೆ ಸಿಕ್ಕಾಗಲೆಲ್ಲ ಅಕ್ಕಪಕ್ಕದ ದ್ವೀಪಗಳಿಗೆ ಹೊರಟುಬಿಡುತ್ತಿದ್ದೆ. ಹಾಗಾಗಿ ಈ ಕಂತು ಪೂರ್ತಿ ಆ ದ್ವೀಪಗಳಿಗೇ ಮೀಸಲು.

ಪ್ರ: ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಜನವರಿಯಲ್ಲಿ ಅವಳ ಮನೆಗೆ ಹೋದಾಗ ನಾನು, ನಮ್ಮ ಮನೆಯವರು ಕೆರಿಬಿಯನ್ ನೋಡಿ ಬರೋಣ ಅಂತಿದ್ದೇವೆ. ಟ್ರಾವೆಲ್ ಏಜೆಂಟರು ಒಂದು ವಾರದಲ್ಲಿ ಆರು ದ್ವೀಪ ತೋರಿಸುವ ಹಡಗಿನ ಪ್ಯಾಕೇಜ್ ಹೇಳುತ್ತಿದ್ದಾರೆ. ತಗೊಳ್ಳಬಹುದಾ ಮೇಡಂ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉ: ಬೇಡ ಅಂತಲೇ ಹೇಳುತ್ತೇನೆ. ಹಡಗು ಬೆಳಿಗ್ಗೆ ಬಂದರಿಗೆ ಬರುತ್ತದೆ, ಸಂಜೆಗೆ ಹೊರಟುಬಿಡುತ್ತದೆ. ಅಷ್ಟರಲ್ಲಿ ನಿಮಗೆ ಸಿಗುವುದು ಬಂದರಿನ ಎದುರಿನ ಅಂಗಡಿ ಸಾಲು, ಒಂದು ಬೀಚು. ಅದೂ ಹಡಗಿನಿಂದ ಇಳಿದ ಸಾವಿರಾರು ಜನರ ಜೊತೆ. ಆರು ದ್ವೀಪ ನೋಡಿ ಬಂದರೂ ಫೋಟೊದಲ್ಲಿ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ನಿಜವಾಗಿ ನೋಡಿದರೆ ಒಂದು ದ್ವೀಪದ ಹಾಗೆ ಇನ್ನೊಂದಿಲ್ಲ. ಆಂಗ್ವಿಲಾ, ಬಾರ್ಬುಡಾ ಸುಣ್ಣಕಲ್ಲಿನ ಚಪ್ಪಟೆ ದ್ವೀಪಗಳು. ಬಿಳಿ ಮರಳು, ತಿಳಿ ನೀರು ಅಲ್ಲಿಯ ಸೊಗಸು. ಡೊಮಿನಿಕಾ, ಸೇಂಟ್ ವಿನ್ಸೆಂಟ್ ಜ್ವಾಲಾಮುಖಿಯಿಂದ ಎದ್ದವು. ಕಡಿದಾದ ಬೆಟ್ಟ, ದಟ್ಟ ಕಾಡು, ಕಪ್ಪು ಮರಳು. ಗ್ವಾಡಲೂಪ್, ಮಾರ್ಟಿನಿಕ್‌ನಲ್ಲಿ ಫ್ರೆಂಚ್ ಆಡುತ್ತಾರೆ. ನಾನು ಹೇಳುತ್ತಿರುವ ಬಾಕಿ ದ್ವೀಪಗಳಲ್ಲಿ ಇಂಗ್ಲಿಷ್ ಸಾಕು. ನನ್ನ ಸಲಹೆ ಇಷ್ಟೇ: ಒಂದು ದ್ವೀಪ ಆರಿಸಿಕೊಳ್ಳಿ, ಹೆಚ್ಚೆಂದರೆ ಎರಡು. ಒಂದೊಂದಕ್ಕೂ ಐದಾರು ದಿನ ಕೊಡಿ. ಬೀಚಿಗೆ ಬೆನ್ನು ಹಾಕಿ ಒಳಗಿನ ಊರುಗಳಿಗೆ ಹೋಗಿ.

ನಿಮ್ಮಿಬ್ಬರಿಗೆ ಗ್ರೆನಡಾ ಹೇಳಿ ಮಾಡಿಸಿದ ಜಾಗ. ನ್ಯೂಯಾರ್ಕ್‌ನಿಂದ ನೇರ ವಿಮಾನ ಇದೆ. ಗ್ರೆನಡಾ, ಕ್ಯಾರಿಯಾಕು, ಪೆಟಿಟ್ ಮಾರ್ಟಿನಿಕ್ ಮೂರೂ ಸೇರಿ ದೇಶದ ವಿಸ್ತೀರ್ಣ 344 ಚದರ ಕಿಲೋಮೀಟರ್. ರಾಜಧಾನಿ ಸೇಂಟ್ ಜಾರ್ಜಸ್ ಬಂದರಿನ ಸುತ್ತ ಗುಡ್ಡದ ಮೇಲೆ ಹತ್ತಿಕೊಂಡು ಹೋದ ಊರು. ಏರಿಳಿತ ಜಾಸ್ತಿ, ಹಾಗಾಗಿ ಒಳ್ಳೆಯ ಚಪ್ಪಲಿ ಇರಲಿ. ಶನಿವಾರ ಬೆಳಿಗ್ಗೆ ಮಾರ್ಕೆಟ್ ಚೌಕಕ್ಕೆ ಹೋಗಿ. ಚಕ್ಕೆ, ಲವಂಗ, ಅರಿಶಿನ, ಶುಂಠಿ ರಾಶಿ ಹಾಕಿಕೊಂಡು ಅಜ್ಜಿಯರು ಕೂತಿರುತ್ತಾರೆ.

ಆಮೇಲೆ ಪಶ್ಚಿಮ ಕರಾವಳಿಯ ಗ್ವಾವ್ ಎಂಬ ಮೀನುಗಾರರ ಊರಿಗೆ ಬಸ್ ಹತ್ತಿ. ಅಲ್ಲಿ ಜಾಯಿಕಾಯಿ ಸಂಸ್ಕರಿಸುವ ಹಳೇ ಕಟ್ಟಡ ಇದೆ. ನಾನು ಅಡಿಕೆ ತೋಟದ ನಡುವೆ ಜಾಯಿಕಾಯಿ ಮರ ನೋಡಿ ಬೆಳೆದವಳು. ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡದಲ್ಲಿ ಅದು ಉಪಬೆಳೆ. ಗ್ರೆನಡಾದಲ್ಲಿ ಅದೇ ದೇಶದ ಬಾವುಟದ ಮೇಲಿದೆ! ಆ ಕಟ್ಟಡದ ಒಳಗೆ ಕಾಲಿಟ್ಟರೆ ಮರದ ಹಲಗೆಗೂ ಜಾಯಿಕಾಯಿ ವಾಸನೆ. ದೊಡ್ಡ ದೊಡ್ಡ ಮರದ ತಟ್ಟೆಗಳಲ್ಲಿ ಕಾಯಿ ಒಣಗುತ್ತಿರುತ್ತದೆ. ಚಿಪ್ಪು ಒಡೆದ ಮೇಲೆ ಕಾಯಿಗಳನ್ನು ನೀರಿಗೆ ಹಾಕುತ್ತಾರೆ. ಮುಳುಗಿದ್ದು ಒಳ್ಳೆ ಮಾಲು, ತೇಲಿದ್ದು ಎಣ್ಣೆ ತೆಗೆಯಲಿಕ್ಕೆ. ಹೆಂಗಸರು ಸಾಲಾಗಿ ಕೂತು ಕೈಯಲ್ಲೇ ಆರಿಸುತ್ತಾರೆ. ಬೆರಳು ಎಷ್ಟು ಚುರುಕು ಅಂದರೆ ಮಾತಾಡುತ್ತಾ ನಮ್ಮನ್ನೇ ನೋಡುತ್ತಿರುತ್ತಾರೆ, ಕೆಟ್ಟ ಕಾಯಿ ಮಾತ್ರ ಬೇರೆ ಬುಟ್ಟಿಗೆ ಬಿದ್ದಿರುತ್ತದೆ. ಜಾಪತ್ರೆಯನ್ನು ಬೇರೆಯಾಗಿ ಒಣಗಿಸುತ್ತಾರೆ. ಹೊಸದರಲ್ಲಿ ಕಡುಗೆಂಪು, ಒಣಗುತ್ತಾ ಹಳದಿಗೆ ತಿರುಗುತ್ತದೆ.

2004ರ ಸೆಪ್ಟೆಂಬರ್‌ನಲ್ಲಿ ಐವನ್ ಚಂಡಮಾರುತ ಬಂದು ದ್ವೀಪದ ಜಾಯಿಕಾಯಿ ಮರಗಳಲ್ಲಿ ಹೆಚ್ಚಿನವನ್ನು ಉರುಳಿಸಿತು. ಅದಕ್ಕೆ ಮೊದಲು ಇಂಡೋನೇಷ್ಯಾ ಬಿಟ್ಟರೆ ಗ್ರೆನಡಾದ್ದೇ ದೊಡ್ಡ ಹೆಸರು. ಜಾಯಿಕಾಯಿ ಮರ ಇವತ್ತು ನೆಟ್ಟರೆ ನಾಳೆ ಕಾಯಿ ಬಿಡುವುದಲ್ಲ, ಅಲ್ವಾ? ಎಷ್ಟೋ ವರ್ಷ ಕಾಯಬೇಕು. ತೋಟದವರ ಮನೆಯವಳಾದ ನನಗೆ ಆ ನಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಅವರು ಮತ್ತೆ ನೆಟ್ಟಿದ್ದಾರೆ. ಅಲ್ಲಿಯೇ ಜಾಯಿಕಾಯಿ ಜಾಮ್, ಸಿರಪ್ ಕೊಂಡುಕೊಳ್ಳಿ. ದುಡ್ಡು ಊರಿನವರ ಕೈಗೇ ಸೇರುತ್ತದೆ.

ವಾಪಸ್ ಬಂದು ಗ್ರಾಂಡ್ ಆನ್ಸ್ ಬೀಚಿನಲ್ಲಿ ಕಾಲು ಚಾಚಿ ಕೂರಿ. ಅದೂ ಬೇಕು.

ಪ್ರ: ಅಕ್ಕಾ, ನನಗೆ ಬೀಚ್ ಎರಡನೇ ದಿನಕ್ಕೆ ಬೋರ್ ಆಗುತ್ತದೆ. ಕುದುರೆಮುಖ, ಕುಮಾರ ಪರ್ವತ ಎಲ್ಲ ಹತ್ತಿದ್ದೇನೆ. ಟ್ರೆಕ್ಕಿಂಗ್‌ಗೆ ಯಾವ ದ್ವೀಪ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉ: ಕಣ್ಣು ಮುಚ್ಚಿ ಡೊಮಿನಿಕಾಗೆ ಹೋಗಿ ತಮ್ಮಾ. ಟಿಕೆಟ್ ಬುಕ್ ಮಾಡುವಾಗ ಮಾತ್ರ ಎಚ್ಚರ. ಡೊಮಿನಿಕನ್ ರಿಪಬ್ಲಿಕ್ ಬೇರೆ ದೇಶ, ಅದು ದೂರದಲ್ಲಿದೆ.

ಡೊಮಿನಿಕಾದ ಅತಿ ಎತ್ತರದ ಶಿಖರ ಮೋರ್ನ್ ಡಯಾಬ್ಲೋಟಿನ್ 1,447 ಮೀಟರ್. ಆದರೆ ನೀನು ನೋಡಲೇಬೇಕಾದದ್ದು ಬಾಯ್ಲಿಂಗ್ ಲೇಕ್, ಅಂದರೆ ಕುದಿಯುವ ಕೆರೆ. ಮೋರ್ನ್ ಟ್ರುವಾ ಪಿಟೋನ್ ರಾಷ್ಟ್ರೀಯ ಉದ್ಯಾನದ ಒಳಗಿದೆ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಡು ಅದು. ಲೋಡಾ ಎಂಬ ಹಳ್ಳಿಯ ಹತ್ತಿರ ಟಿಟೂ ಗಾರ್ಜ್‌ನಿಂದ ನಡಿಗೆ ಶುರು. ಹೋಗಿ ಬರಲು ಆರು ಗಂಟೆಗೆ ಕಡಿಮೆ ಇಲ್ಲ. ಮಳೆ ಯಾವಾಗ ಬೇಕಾದರೂ ಬರುತ್ತದೆ. ಕಾಡು ಇದ್ದಕ್ಕಿದ್ದ ಹಾಗೆ ಮುಗಿದು ಬೋಳು ಕಣಿವೆಗೆ ಇಳಿಯುತ್ತೀಯ. ಗಂಧಕದ ಹಬೆಗೆ ಅಲ್ಲಿ ಮರ ಬೆಳೆಯುವುದಿಲ್ಲ. ಕಾಲ ಬುಡದಲ್ಲೇ ಬಿಸಿ ನೀರಿನ ತೊರೆಗಳು, ಒಂದು ಹಾಲಿನ ಬಣ್ಣ, ಇನ್ನೊಂದು ಬೂದಿ ಬಣ್ಣ. ಗೈಡ್ ಅದರಲ್ಲೇ ಮೊಟ್ಟೆ ಬೇಯಿಸಿ ಕೊಡುತ್ತಾರೆ. ಬೆಳ್ಳಿ ಉಂಗುರ, ಸರ ಇದ್ದರೆ ರೂಮಿನಲ್ಲೇ ಬಿಟ್ಟು ಹೋಗು. ಆ ಗಾಳಿಗೆ ಕಪ್ಪಾಗುತ್ತದೆ. ಕೊನೆಗೆ ಗುಡ್ಡದ ಅಂಚಿನಿಂದ ಕೆಳಗೆ ನೋಡಿದರೆ ಸುಮಾರು 60 ಮೀಟರ್ ಅಗಲದ ಕೆರೆ, ನಡುವೆ ಕೊತಕೊತ ಕುದಿಯುತ್ತಿರುತ್ತದೆ. ಗೈಡ್ ಇಲ್ಲದೆ ಹೋಗಬೇಡ. ಕುಮಾರ ಪರ್ವತ ಹತ್ತಿದವನು ಅನ್ನುವ ಧೈರ್ಯ ಇಲ್ಲಿ ಸಾಲದು, ನೆಲ ತೆಳುವಾಗಿರುವ ಕಡೆ ಕಾಲಿಟ್ಟರೆ ಸುಟ್ಟುಹೋಗುತ್ತದೆ.

ಇನ್ನೂ ರಜೆ ಇದ್ದರೆ ವೈಟುಕುಬುಲಿ ಹಾದಿಯ ಒಂದೆರಡು ಭಾಗ ನಡೆ. ದ್ವೀಪದ ಉದ್ದಕ್ಕೂ ಸುಮಾರು 185 ಕಿಲೋಮೀಟರ್, 14 ಭಾಗ ಮಾಡಿದ್ದಾರೆ. ಪೂರ್ವ ಕರಾವಳಿಯಲ್ಲಿ ಕಲಿನಾಗೋ ಜನರ ಪ್ರದೇಶ ಸಿಗುತ್ತದೆ. ಕೊಲಂಬಸ್ ಬರುವ ಮುಂಚಿನಿಂದ ಇದ್ದವರು ಇವರು. 1903ರಲ್ಲಿ ಬ್ರಿಟಿಷರು ಸುಮಾರು 3,700 ಎಕರೆ ಅವರಿಗೆ ಅಂತ ಗುರುತಿಸಿದರು. ಭೂಮಿ ಇಡೀ ಸಮುದಾಯದ್ದು, ಹೊರಗಿನವರಿಗೆ ಮಾರುವ ಹಾಗಿಲ್ಲ. ಅಲ್ಲಿ ಯಾರದಾದರೂ ಮನೆಯಲ್ಲಿ ಒಂದು ರಾತ್ರಿ ಉಳಿದುಕೊ. ಮರಗೆಣಸಿನ ಹಿಟ್ಟಿನ ರೊಟ್ಟಿಯನ್ನು ದೊಡ್ಡ ಕಬ್ಬಿಣದ ಹಂಚಿನ ಮೇಲೆ ಬೇಯಿಸುವುದನ್ನು ನೋಡು, ಬಿಸಿ ಇದ್ದಾಗಲೇ ತಿನ್ನು.

ಸ್ಪರ್ಮ್ ತಿಮಿಂಗಿಲಗಳೂ ಇಲ್ಲಿ ವರ್ಷವಿಡೀ ಇರುತ್ತವೆ. ದಡದಿಂದ ಸ್ವಲ್ಪ ದೂರಕ್ಕೇ ಸಮುದ್ರ ಬಹಳ ಆಳ, ಅದಕ್ಕೇ. ಅವುಗಳಿಗಾಗಿಯೇ ಸಮುದ್ರದಲ್ಲಿ ರಕ್ಷಿತ ಪ್ರದೇಶ ಮಾಡುವುದಾಗಿ ಸರ್ಕಾರ 2023ರಲ್ಲಿ ಪ್ರಕಟಿಸಿತು.

ಪ್ರ: ಅನಿಲ್ ಕುಂಬ್ಳೆ ದವಡೆ ಮುರಿದುಕೊಂಡೂ ಬೌಲಿಂಗ್ ಮಾಡಿದ ಮೈದಾನ ಯಾವ ದ್ವೀಪದಲ್ಲಿದೆ? ಹೋಗಿ ನೋಡಬಹುದೇ?
— ಕ್ರಿಕೆಟ್ ಅಭಿಮಾನಿ, ಮೈಸೂರು

ಉ: ಆಂಟಿಗಾದಲ್ಲಿದೆ. ರಾಜಧಾನಿ ಸೇಂಟ್ ಜಾನ್ಸ್ ಪೇಟೆಯ ಮಧ್ಯದಲ್ಲೇ ಇರುವ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್. 2002ರ ಮೇ ತಿಂಗಳು. ಮರ್ವಿನ್ ಡಿಲ್ಲನ್ ಚೆಂಡು ದವಡೆಗೆ ಬಡಿಯಿತು. ತಲೆ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು ನಮ್ಮ ಕುಂಬ್ಳೆ 14 ಓವರ್ ಹಾಕಿದರು, ಲಾರಾರನ್ನು ಎಲ್‌ಬಿಡಬ್ಲ್ಯೂ ಮಾಡಿದರು. ಆಮೇಲೆ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಟರು. ಅದೇ ಮೈದಾನದಲ್ಲಿ ಲಾರಾ 1994ರಲ್ಲಿ 375, 2004ರಲ್ಲಿ ಔಟಾಗದೆ 400 ಹೊಡೆದದ್ದು.

ಈಗ ದೊಡ್ಡ ಪಂದ್ಯಗಳು ಹೆಚ್ಚಾಗಿ ಊರ ಹೊರಗಿನ ಸರ್ ವಿವಿಯನ್ ರಿಚರ್ಡ್ಸ್ ಸ್ಟೇಡಿಯಂನಲ್ಲಿ ನಡೆಯುತ್ತವೆ. 2007ರ ವಿಶ್ವಕಪ್‌ಗೆ ಕಟ್ಟಿದ್ದು. ಹಳೇ ಮೈದಾನ ಬಿಡಬೇಡಿ. ಅಲ್ಲಿ ಯಾರಾದರೂ ಹಿರಿಯರ ಹತ್ತಿರ ಕುಂಬ್ಳೆ ಹೆಸರೆತ್ತಿ ನೋಡಿ. ಕ್ರಿಕೆಟ್ ಮಾತು ಶುರುವಾದರೆ ನಿಮ್ಮನ್ನು ಬೇಗ ಬಿಡುವುದಿಲ್ಲ. ಒಂದು ದಿನ ಇಂಗ್ಲಿಷ್ ಹಾರ್ಬರ್‌ಗೂ ಇಟ್ಟುಕೊಳ್ಳಿ. 18ನೇ ಶತಮಾನದ ಬ್ರಿಟಿಷ್ ನೌಕಾನೆಲೆ ಅಲ್ಲಿ ಗಟ್ಟಿಮುಟ್ಟಾಗಿದೆ. ಕಲ್ಲು ಹೊತ್ತು ಅದನ್ನು ಕಟ್ಟಿದವರು ಆಫ್ರಿಕಾದಿಂದ ತಂದ ಗುಲಾಮರು.

ಪ್ರ: ನಾವು ಸಸ್ಯಾಹಾರಿಗಳು. ಬ್ರೆಡ್ಡು, ಹಣ್ಣು ತಿಂದು ದಿನ ಕಳೆಯಬೇಕಾಗುತ್ತದಾ?
— ಗೃಹಿಣಿ, ಪುತ್ತೂರು

ಉ: ಪುತ್ತೂರಿನವರಿಗೆ ಅಲ್ಲಿ ಖಂಡಿತ ಹಸಿವಾಗುವುದಿಲ್ಲ! ಜೀಗುಜ್ಜೆ, ಅಂದರೆ ಬ್ರೆಡ್‌ಫ್ರೂಟ್, ಅಲ್ಲಿಯ ಮುಖ್ಯ ಊಟ. ಕೆಂಡದ ಮೇಲೆ ಇಡಿಯಾಗಿ ಸುಟ್ಟು ಸಿಪ್ಪೆ ತೆಗೆದು ಕೊಡುತ್ತಾರೆ. ಕೆಸುವಿನ ಎಲೆಯ ಸಾರು ಸಿಗುತ್ತದೆ, ಅದಕ್ಕೆ ಕ್ಯಾಲಲೂ ಅನ್ನುತ್ತಾರೆ. ನೇಂದ್ರಬಾಳೆ, ಮರಗೆಣಸು, ಸಿಹಿಗೆಣಸು, ತೆಂಗಿನಹಾಲು ಎಲ್ಲ ಇದೆ. ಗ್ರೆನಡಾದ ರಾಷ್ಟ್ರೀಯ ಅಡುಗೆ ಆಯಿಲ್ ಡೌನ್. ಜೀಗುಜ್ಜೆ, ಕೆಸುವಿನ ಎಲೆ, ಹಿಟ್ಟಿನ ಉಂಡೆ, ಅರಿಶಿನ ಹಾಕಿ ತೆಂಗಿನಹಾಲು ಪೂರ್ತಿ ಇಂಗುವ ತನಕ ಬೇಯಿಸುತ್ತಾರೆ. ಆದರೆ ಉಪ್ಪು ಹಾಕಿದ ಮಾಂಸ ಅಥವಾ ಮೀನು ಸೇರಿಸುವುದು ಅಲ್ಲಿಯ ರೂಢಿ. ಕ್ಯಾಲಲೂಗೂ ಏಡಿ ಹಾಕುವುದುಂಟು. ಹಾಗಾಗಿ "ಮಾಂಸ ಬೇಡ" ಅಂದರೆ ಸಾಲದು, "ಮೀನು, ಏಡಿಯೂ ಬೇಡ" ಅಂತ ಬಿಡಿಸಿ ಹೇಳಿ. ನನ್ನ ಮನೆ ಮಾಲಕಿ ನನಗಾಗಿ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಿದ್ದರು. ಆ ರುಚಿ ಈಗಲೂ ನೆನಪಿದೆ.

ಎಲ್ಲಕ್ಕಿಂತ ಸುಲಭ ದಾರಿ ರಾಸ್ತಾ ಜನರ, ಅಂದರೆ ರಾಸ್ತಫಾರಿ ಎಂಬ ಧಾರ್ಮಿಕ ಪಂಥದವರ, ಸಣ್ಣ ಹೋಟೆಲು. ಅವರ ಐಟಲ್ ಅಡುಗೆಯಲ್ಲಿ ಮಾಂಸ ಇರುವುದಿಲ್ಲ, ಎಷ್ಟೋ ಕಡೆ ಉಪ್ಪೂ ಹಾಕುವುದಿಲ್ಲ. ಇನ್ನೊಂದು ರೊಟ್ಟಿ ಅಂಗಡಿ. ಕಡಲೆಕಾಳು, ಆಲೂಗಡ್ಡೆ ಪಲ್ಯ ಸುತ್ತಿದ ದೊಡ್ಡ ರೊಟ್ಟಿ. ಗುಲಾಮಗಿರಿ ನಿಂತ ಮೇಲೆ ತೋಟದ ಕೂಲಿಗೆ ಭಾರತದಿಂದ ಕರೆದೊಯ್ದವರ ಬಳುವಳಿ ಅದು. ಗ್ರೆನಡಾಕ್ಕೆ ಅವರ ಮೊದಲ ಹಡಗು ಬಂದದ್ದು 1857ರ ಮೇ 1ರಂದು.

ಜೀಗುಜ್ಜೆ ಆ ಕಡೆಯ ಮರವಲ್ಲ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಅಂತ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ 1793ರಲ್ಲಿ ಪೆಸಿಫಿಕ್‌ನ ಟಹೀಟಿಯಿಂದ ಸಸಿಗಳನ್ನು ಹಡಗಿನಲ್ಲಿ ಸೇಂಟ್ ವಿನ್ಸೆಂಟ್‌ಗೆ ತಂದರು. ಅಲ್ಲಿಯ ಕಿಂಗ್ಸ್‌ಟೌನ್ ಸಸ್ಯೋದ್ಯಾನ 1765ರದ್ದು. ಬ್ಲೈ ತಂದ ಗಿಡದ ಸಂತತಿ ಅಂತ ಒಂದು ಮರವನ್ನು ಇವತ್ತಿಗೂ ತೋರಿಸುತ್ತಾರೆ. ಆ ಊರಿನಿಂದಲೇ ದೋಣಿ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಬೆಕ್ವೇ. 18 ಚದರ ಕಿಲೋಮೀಟರಿನ ದ್ವೀಪ, ನಡೆದೇ ಸುತ್ತಬಹುದು. ಮಕ್ಕಳಿದ್ದರೆ ಮರದಲ್ಲಿ ಪುಟ್ಟ ದೋಣಿ ಕೆತ್ತುವವರ ಅಂಗಡಿಗೆ ಕರೆದುಕೊಂಡು ಹೋಗಿ.

ಪ್ರ: ಚಂಡಮಾರುತದ ಭಯ ಇಲ್ಲದ ತಿಂಗಳು ಯಾವುದು?
— ಓದುಗರು, ಮಂಗಳೂರು

ಉ: ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗಸ್ಟ್‌ನಿಂದ ಅಕ್ಟೋಬರ್ ಜೋರು. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ, ಬಾಡಿಗೆ ಮಾತ್ರ ದುಬಾರಿ. ಮೇ ತಿಂಗಳು ಸ್ವಲ್ಪ ಅಗ್ಗ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಡೊಮಿನಿಕಾವನ್ನು ಹಣ್ಣು ಮಾಡಿತು. 2024ರ ಜುಲೈ 1ರಂದು ಬೆರಿಲ್ ಕ್ಯಾರಿಯಾಕುವಿನ ಮೇಲೆ ಎರಗಿ ಮನೆಗಳ ಸೂರು ಕಿತ್ತಿತು. ಸುದ್ದಿ ಓದಿ "ಆ ದ್ವೀಪ ಬೇಡ" ಅಂದುಕೊಳ್ಳಬೇಡಿ. ಎದ್ದು ನಿಲ್ಲುತ್ತಿರುವ ಊರಿಗೆ ಪ್ರವಾಸಿಗರ ದುಡ್ಡು ತುಂಬಾ ಬೇಕು. ಹೋಟೆಲು, ದೋಣಿ ನಡೆಯುತ್ತಿದೆಯಾ ಅಂತ ಕೇಳಿಕೊಂಡು ಹೋಗಿ.

ಪ್ರ: ಒಬ್ಬಳೇ ಹೋಗಬೇಕು ಅಂತಿದ್ದೇನೆ. ಸುರಕ್ಷಿತವೇ?
— ಶಿಕ್ಷಕಿ, ಹುಬ್ಬಳ್ಳಿ

ಉ: ಹೋಗಿ. ನಾನೂ ಒಬ್ಬಳೇ ಓಡಾಡಿದವಳು. ರಾತ್ರಿ ಬೀಚಿನಲ್ಲಿ ಒಬ್ಬರೇ ನಡೆಯಬೇಡಿ, ಕತ್ತಲಾದ ಮೇಲೆ ಹೋಟೆಲಿನವರು ಹೇಳಿದ ಟ್ಯಾಕ್ಸಿ ಹಿಡಿಯಿರಿ. ಹಗಲು ಬಸ್ಸಿನಲ್ಲೇ ಓಡಾಡಿ. ಬಸ್ಸು ಅಂದರೆ ವ್ಯಾನು. ಜೋರು ಹಾಡು, ತುಂಬಿದ ಸೀಟು. ಗ್ರೆನಡಾದಲ್ಲಿ ಇಳಿಯಬೇಕಾದರೆ ವ್ಯಾನಿನ ಮೈಗೆ ಕೈಯಲ್ಲಿ ಬಡಿಯಬೇಕು.

ಇನ್ನೊಂದು ಮಾತು ಮರೆಯಬೇಡಿ. ಅಂಗಡಿಗೆ, ಬಸ್ಸಿಗೆ ಕಾಲಿಟ್ಟ ಕೂಡಲೇ "ಗುಡ್ ಮಾರ್ನಿಂಗ್" ಅನ್ನಬೇಕು. ಹೇಳದೆ ನೇರ "ಇದಕ್ಕೆಷ್ಟು?" ಅಂದರೆ ಅವರಿಗೆ ಬೇಸರ. ಹೇಳಿದರೆ ಇಡೀ ಬಸ್ಸು ಉತ್ತರ ಕೊಡುತ್ತದೆ, ನಿಮ್ಮ ಸ್ಟಾಪ್ ಬಂದಾಗ ಅವರೇ ನೆನಪಿಸುತ್ತಾರೆ. ಈಜುಡುಗೆಯಲ್ಲಿ ಪೇಟೆಗೆ ಹೋಗಬೇಡಿ. ಮಿಲಿಟರಿ ಬಣ್ಣದ ಬಟ್ಟೆ, ಟೋಪಿ, ಬ್ಯಾಗು ಒಯ್ಯಲೇಬೇಡಿ. ಗ್ರೆನಡಾ, ಡೊಮಿನಿಕಾ, ಬಾರ್ಬಡೋಸ್, ಸೇಂಟ್ ಲೂಸಿಯಾದಲ್ಲಿ ಅದು ಕಾನೂನಿಗೆ ವಿರುದ್ಧ. ಬೀಚಿನಲ್ಲಿ ಮ್ಯಾಂಚಿನೀಲ್ ಅನ್ನುವ ಮರ ಇರುತ್ತದೆ. ಪುಟ್ಟ ಹಸಿರು ಸೇಬಿನಂಥ ಹಣ್ಣು, ಅಪ್ಪಟ ವಿಷ. ಮಳೆ ಬಂತು ಅಂತ ಅದರ ಕೆಳಗೆ ನಿಂತರೆ ಎಲೆಯಿಂದ ಬಿದ್ದ ನೀರಿಗೇ ಮೈ ಬೊಕ್ಕೆ ಬರುತ್ತದೆ. ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿದ್ದರೆ ದೂರ ಇರಿ.

ಪ್ರ: ವೀಸಾ, ದುಡ್ಡಿನ ವಿಷಯ ಹೇಳಿ.
— ದಂಪತಿ, ಶಿವಮೊಗ್ಗ

ಉ: ಗ್ರೆನಡಾ, ಡೊಮಿನಿಕಾ, ಬಾರ್ಬಡೋಸ್, ಸೇಂಟ್ ವಿನ್ಸೆಂಟ್‌ಗೆ ಸ್ವಲ್ಪ ದಿನದ ಪ್ರವಾಸಕ್ಕೆ ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಡ. ಆಂಟಿಗಾದ ನಿಯಮ ಬೇರೆ. ಟಿಕೆಟ್ ತೆಗೆಯುವ ಮುಂಚೆ ಆಯಾ ಸರ್ಕಾರದ ವೆಬ್‌ಸೈಟ್ ನೋಡಿಕೊಳ್ಳಿ. ತೊಡಕು ಇರುವುದು ದಾರಿಯಲ್ಲಿ. ಭಾರತದಿಂದ ಈ ದ್ವೀಪಗಳಿಗೆ ನೇರ ವಿಮಾನ ಇಲ್ಲ. ಅಮೆರಿಕದ ಮೇಲೆ ಹೋದರೆ ವಿಮಾನ ಬದಲಿಸಲಿಕ್ಕೂ ವೀಸಾ ಬೇಕು. ಲಂಡನ್ ಮೇಲೆ ಹೋಗುವುದಾದರೂ ಟ್ರಾನ್ಸಿಟ್ ನಿಯಮ ಮೊದಲೇ ಓದಿ.

ಗ್ರೆನಡಾ, ಡೊಮಿನಿಕಾ, ಸೇಂಟ್ ವಿನ್ಸೆಂಟ್, ಆಂಟಿಗಾ ಎಲ್ಲ ಕಡೆ ಪೂರ್ವ ಕೆರಿಬಿಯನ್ ಡಾಲರ್ ನಡೆಯುತ್ತದೆ. ಒಂದು ಅಮೆರಿಕನ್ ಡಾಲರ್‌ಗೆ 2.70, ಈ ದರ 1976ರಿಂದ ಬದಲಾಗಿಲ್ಲ. ಬೆಲೆ ಕೇಳುವಾಗ ಯಾವ ಡಾಲರ್ ಅಂತ ಕೇಳಿಬಿಡಿ, ಟ್ಯಾಕ್ಸಿಯಲ್ಲಂತೂ ಹತ್ತುವ ಮುಂಚೆಯೇ. ವಲಸೆ ಕೌಂಟರಿನಲ್ಲಿ ವಾಪಸ್ ಟಿಕೆಟ್, ಉಳಿಯುವ ಜಾಗದ ವಿಳಾಸ ಕೇಳುತ್ತಾರೆ. ಮೊಬೈಲಿನಲ್ಲಿದ್ದರೂ ಒಂದು ಪ್ರಿಂಟ್ ತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳಿ.