ಹಳ್ಳೀಲಿ ಜಮೀನಿದ್ರೆ ಸರ್ಕಾರದಿಂದ ಕೂತಲ್ಲೇ ದುಡ್ಡು ಬರುತ್ತಂತೆ, ನಿಜನಾ?

ನೀವಿರೋದು ಬೆಂಗಳೂರಲ್ಲಿ, ಊರಲ್ಲಿ ತಾತನ ಹೆಸರಲ್ಲಿ ಮೂರು ಎಕರೆ ಇದೆ, ಸಬ್ಸಿಡಿ ಅಂತ ಎಷ್ಟು ಬರಬಹುದು ಅಂತ ಕೇಳಿದ್ದೀರಿ. ನಾನು ತುಮಕೂರು ಜಿಲ್ಲೆಯವನು. ಒಂದೂವರೆ ಎಕರೆ ಅಡಿಕೆ, ಒಂದು ಎಕರೆ ಹೊಲ. ನನ್ನ ಅನುಭವವನ್ನೇ ಹೇಳುತ್ತೇನೆ.

ಪ್ರತಿ ವರ್ಷ ನಗದಾಗಿ ಖಾತೆಗೆ ಬೀಳುವುದು ಪಿಎಂ ಕಿಸಾನ್ ದುಡ್ಡು ಒಂದೇ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತಲ್ಲಿ. ಮಧ್ಯೆ ರಾಜ್ಯ ಸರ್ಕಾರ ಅದರ ಮೇಲೆ 4,000 ಸೇರಿಸಿ ಕೊಡುತ್ತಿತ್ತು, 2023ರಲ್ಲಿ ಅದೂ ನಿಂತಿತು. ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಹೊಡೆಸಿದರೆ ಒಂದು ಕಂತು ಮುಗಿಯಿತು ಅಂತಲೇ ಲೆಕ್ಕ.

ಉಳಿದದ್ದೆಲ್ಲ ಕಣ್ಣಿಗೆ ಕಾಣದ ದುಡ್ಡು. 45 ಕೆಜಿ ಯೂರಿಯಾ ಚೀಲದ ಮೇಲೆ 266 ರೂಪಾಯಿ 50 ಪೈಸೆ ಅಂತ ಅಚ್ಚಾಗಿರುತ್ತದೆ, ಅಸಲು ಬೆಲೆ ಅದರ ಎಷ್ಟೋ ಪಟ್ಟು. ವ್ಯತ್ಯಾಸದ ದುಡ್ಡು ಕಂಪನಿಗೆ ಹೋಗುತ್ತದೆ, ಚೀಲ ಕೊಳ್ಳುವಾಗ ನಮ್ಮದು ಬರೀ ಹೆಬ್ಬೆಟ್ಟು. ಹಾಗೇ 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಕರೆಂಟ್ ಫ್ರೀ. ನನ್ನ ಕೇಳಿದರೆ ಎಲ್ಲಕ್ಕಿಂತ ದೊಡ್ಡ ಸಬ್ಸಿಡಿ ಇದೇ, ಆದರೆ ಬೋರ್‌ವೆಲ್ ಇದ್ದವನಿಗೆ ಮಾತ್ರ, ಅದರಲ್ಲಿ ನೀರೂ ಇದ್ದರೆ.

ಇನ್ನು ಡ್ರಿಪ್, ಅಂದರೆ ಹನಿ ನೀರಾವರಿ. ಎರಡು ಹೆಕ್ಟೇರ್ ತನಕ ಶೇ 90 ಸಬ್ಸಿಡಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ನಾನು ಅರ್ಜಿ ಹಾಕೋಕೆ ಹೋದಾಗ ಪಹಣಿ, ಅಂದರೆ ಜಮೀನಿನ ದಾಖಲೆ, ತಾತನ ಹೆಸರಲ್ಲೇ ಇತ್ತು. ನಮ್ಮಪ್ಪನೂ ಹೋಗಿ ಎರಡು ವರ್ಷ ಆಗಿತ್ತು, ಕಾಗದದಲ್ಲಿ ಮಾತ್ರ ತಾತ ಇನ್ನೂ ಗಟ್ಟಿಮುಟ್ಟಾಗಿದ್ದರು. ಪೌತಿ ಖಾತೆ ಆಗಬೇಕು ಅಂದರು, ಅಂದರೆ ಸತ್ತವರ ಹೆಸರಲ್ಲಿರುವ ಜಮೀನು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ವಂಶವೃಕ್ಷ, ಚಿಕ್ಕಪ್ಪಂದಿರ ಒಪ್ಪಿಗೆ, ಮೂರು ಜನ ಅತ್ತೆಯರ ಸಹಿ, ತಾತನ ಮರಣ ಪತ್ರ. ಅವರು ಸತ್ತಾಗ ಯಾರೂ ಬರೆಸಿರಲಿಲ್ಲ, ಆ ಪತ್ರಕ್ಕಾಗಿ ಕೋರ್ಟಿಗೆ ಹೋಗಿ ಆದೇಶ ತಂದೆವು. ಎಲ್ಲ ಸೇರಿ ಹದಿನಾಲ್ಕು ತಿಂಗಳು. ಆಮೇಲೆ ಫ್ರೂಟ್ಸ್ ಅನ್ನೋ ಸರ್ಕಾರದ ರೈತರ ನೋಂದಣಿ ತಂತ್ರಾಂಶದಲ್ಲಿ ಎಫ್‌ಐಡಿ (ರೈತರ ಗುರುತಿನ) ನಂಬರ್ ಆಯಿತು, ಪೈಪ್ ಬಂತು, ಯಾರೋ ಬಂದು ಫೋಟೋ ಹೊಡೆದುಕೊಂಡು ಹೋದರು. ಎರಡನೇ ಬೇಸಿಗೆಗೆ ಅಳಿಲು ಲ್ಯಾಟರಲ್, ಅಂದರೆ ಗಿಡದ ಬುಡಕ್ಕೆ ನೀರು ಒಯ್ಯುವ ಸಣ್ಣ ಪೈಪ್, ಕಡಿದು ಹಾಕಿದವು. ಅದೇ ಜಮೀನಿಗೆ ಮತ್ತೆ ಸಬ್ಸಿಡಿ ಸಿಗಬೇಕಂದರೆ ಏಳು ವರ್ಷ ಆಗಬೇಕು. ಸದ್ಯಕ್ಕೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ನಡೆಸುತ್ತಿದ್ದೇನೆ.

ಹಾಗಾಗಿ ಕೂತಲ್ಲೇ ಬರುತ್ತಾ ಅಂದರೆ, ಕೂತವರಿಗೆ ಬರುವುದೂ ಉಂಟು, ಸುಮ್ನೆ ಹೇಳುತ್ತಿಲ್ಲ. ದುಡ್ಡು ಹೋಗುವುದು ಉಳುವವನ ಹಿಂದೆ ಅಲ್ಲ, ಪಹಣಿ ಹಿಂದೆ. ನಮ್ಮ ಪಕ್ಕದ ಹೊಲದ ಯಜಮಾನರು ಬೆಂಗಳೂರಲ್ಲಿದ್ದಾರೆ, ಊರಿನ ಒಬ್ಬರು ಅದನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಾರೆ. 2023ರ ಬರ ನೆನಪಿದೆಯಲ್ಲ, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಆ ಸಲ ಕಡ್ಲೆಕಾಯಿ ಬೀಜ, ಉಳುಮೆ, ಕಳೆ ಎಲ್ಲ ವಾರಕ್ಕೆ ಮಾಡುವ ಇವರ ದುಡ್ಡು. ಗಿಡ ಹೂವಲ್ಲೇ ಒಣಗಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ಲೆಕ್ಕದ ಪರಿಹಾರ ಯಜಮಾನರ ಖಾತೆಗೆ ಹೋಯಿತು. ಇವರು ಯಾರನ್ನು ಕೇಳಬೇಕು? 1974ರ ತಿದ್ದುಪಡಿ ಆದಮೇಲೆ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಜಮೀನನ್ನು ಗೇಣಿಗೆ ಕೊಡುವುದೇ ಕಾನೂನಲ್ಲಿ ಇಲ್ಲ. ಇಲ್ಲದ ಗೇಣಿಗೆ ಕಾಗದ ಎಲ್ಲಿಂದ ಬರಬೇಕು.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ಪೌತಿ ಖಾತೆ ಮಾಡಿಸಿ, ಅದಿಲ್ಲದೆ ಯಾವ ಕಚೇರಿಗೆ ಅಲೆದರೂ ವೇಸ್ಟ್. ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತಿದ್ದರೆ ಪಿಎಂ ಕಿಸಾನ್ ಆಸೆ ಬಿಡಿ. ಅಂದಹಾಗೆ, ಆ ಮೂರು ಎಕರೆಯನ್ನು ಈಗ ಯಾರು ಉಳುತ್ತಿದ್ದಾರೆ ಅಂತ ನೀವು ಬರೆದೇ ಇಲ್ಲ. ಪಹಣಿ ತೆಗೆಸಿದಾಗ 9ನೇ ಕಾಲಂನಲ್ಲಿ ಮಾಲೀಕರ ಹೆಸರು ನೋಡುತ್ತೀರಲ್ಲ, ಹಾಗೇ ಸಾಗುವಳಿದಾರರ 12ನೇ ಕಾಲಂ ಕೂಡ ನೋಡಿ. ಅಲ್ಲೂ ನಿಮ್ಮ ತಾತನ ಹೆಸರೇ ಇರುತ್ತದೆ, ಬಿಡಿ.